ಬೆಲ್ಲದ ವ್ಯಾಪಾರಿಯ ತುಲಾಭಾರ

“ಗುರುಗಳೇ, ನಾಳೆ ಮಠದ ಅಂಗಳದಲ್ಲಿ ರಕ್ತದಾನದ ಶಿಬಿರವಂತೆ. ಅದರ ಬದಲು ಬಂದವರಿಗೆಲ್ಲ ನಾನು ಊಟ ಹಾಕಿಸಿದರೆ ಸಾಲದೆ? ಯಾವುದಾದರೇನು, ದಾನ ದಾನವೇ ತಾನೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳಿದರು.

ಒಂದೂರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಪ್ರತಿವರ್ಷ ತಾನು ಹುಟ್ಟಿದ ದಿನ ದೇವಸ್ಥಾನದಲ್ಲಿ ತುಲಾಭಾರ ಮಾಡಿಸುತ್ತಿದ್ದ. ತಕ್ಕಡಿಯ ಒಂದು ತಟ್ಟೆಯಲ್ಲಿ ತಾನು ಕೂತು, ಇನ್ನೊಂದರಲ್ಲಿ ತನ್ನ ತೂಕದಷ್ಟು ಬೆಲ್ಲ ಇಡಿಸಿ, ಅದನ್ನು ಊರಿಗೆಲ್ಲ ಹಂಚುತ್ತಿದ್ದ. ಉಪವಾಸವಿದ್ದು ಬರಬೇಕೆಂದು ಅರ್ಚಕರು ಹೇಳಿದರೆ, ‘ಹಾಗಾದರೆ ದೇವರಿಗೆ ಒಂದು ಅಚ್ಚು ಬೆಲ್ಲ ಕಡಿಮೆಯಾಗುತ್ತಲ್ಲ’ ಎನ್ನುತ್ತಿದ್ದ. ಹೊಟ್ಟೆತುಂಬ ಉಂಡೇ ತಕ್ಕಡಿ ಹತ್ತುತ್ತಿದ್ದ. ಒಳ್ಳೆಯ ಮನುಷ್ಯನೇ, ಅನುಮಾನವಿಲ್ಲ.

ಅವನಿಗೆ ಒಬ್ಬಳೇ ಮಗಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮಗು ಹುಟ್ಟಿತು, ಆದರೆ ತಾಯಿಗೆ ರಕ್ತಸ್ರಾವ ನಿಲ್ಲಲಿಲ್ಲ. ಅವಳ ಗುಂಪಿನ ರಕ್ತ ಆಸ್ಪತ್ರೆಯಲ್ಲಿ ಒಂದೇ ಚೀಲ ಇತ್ತು. ಇನ್ನೊಂದು ಬೇಕಾಗಿತ್ತು. ತಂದೆಯ ಗುಂಪು ಹೊಂದಲಿಲ್ಲ, ಗಂಡನದೂ ಹೊಂದಲಿಲ್ಲ.

“ಡಾಕ್ಟ್ರೇ, ನನ್ನ ಅಂಗಡಿ, ಗೋದಾಮು ಎಲ್ಲಾ ಬರ್ಕೊಡ್ತೀನಿ. ಎಲ್ಲಿಂದಾದ್ರೂ ತರಿಸಿ,” ಎಂದ ವ್ಯಾಪಾರಿ.

“ಅದನ್ನ ಮಾಡೋ ಕಾರ್ಖಾನೆ ಎಲ್ಲೂ ಇಲ್ಲ ಯಜಮಾನ್ರೇ. ಮನುಷ್ಯನ ಮೈಯಿಂದ್ಲೇ ಬರ್ಬೇಕು,” ಎಂದರು ವೈದ್ಯರು.

ಅವನು ಗೋಡೆಗೆ ಒರಗಿ ಅತ್ತುಬಿಟ್ಟ.

ವೈದ್ಯರು ಯಾರಿಗೋ ಫೋನು ಮಾಡಿದರು. ಬಸ್ ನಿಲ್ದಾಣದ ಹತ್ತಿರದ ಪಂಕ್ಚರ್ ಅಂಗಡಿಯವನೊಬ್ಬ ಬಂದ. ಕೈಯ ಮಸಿ ತೊಳೆದುಕೊಂಡ, ಮಲಗಿ ರಕ್ತ ಕೊಟ್ಟ, ಬಿಸ್ಕತ್ತು ತಿಂದು ಚಹಾ ಕುಡಿದು ಹೊರಟ. ಯಾರಿಗೆ ಎಂದು ಕೇಳಲಿಲ್ಲ. ವ್ಯಾಪಾರಿ ಅವನ ಹಿಂದೆ ಓಡಿ, “ನಿಮ್ಮ ತೂಕದಷ್ಟು ಬೆಲ್ಲ ಮನೆಗೆ ಕಳಿಸ್ತೀನಿ,” ಎಂದ.

“ಅಷ್ಟು ಬೆಲ್ಲ ಇಟ್ಕೊಂಡು ನಾನೇನ್ಮಾಡ್ಲಿ ಯಜಮಾನ್ರೇ? ಟೈರು ಬಿಚ್ಚಿಟ್ಟು ಬಂದಿದ್ದೀನಿ,” ಎಂದು ಅವನು ನಕ್ಕು ನಡೆದ.

ಪರೀಕ್ಷೆ ಮುಗಿಸಿ ಆ ರಕ್ತವನ್ನು ಏರಿಸಿದರು. ಸಂಜೆಯ ಹೊತ್ತಿಗೆ ಮಗಳು ಕಣ್ಣು ತೆರೆದು ಮಗುವನ್ನು ಕೇಳಿದಳು.

ವ್ಯಾಪಾರಿ ಹುಟ್ಟಿದ ದಿನ ಮತ್ತೆ ಬಂತು. ಎಂದಿನಂತೆ ಹೊಟ್ಟೆತುಂಬ ಉಂಡು ಮನೆಯಿಂದ ಹೊರಟ. ದೇವಸ್ಥಾನದಲ್ಲಿ ತಕ್ಕಡಿ ಕಟ್ಟಿ ಕಾದರು, ಅವನು ಬರಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ಕೊಡುವವರ ಸಾಲಿನಲ್ಲಿ ನಿಂತಿದ್ದ. “ಊಟ ಆಯ್ತಾ?” ಎಂದು ನರ್ಸ್ ಕೇಳಿದಳು. ಆಯಿತೆಂದ. ತೂಕ ನೋಡಬೇಕೆಂದು ಯಂತ್ರದ ಮೇಲೆ ನಿಲ್ಲಿಸಿದಳು. ಅಭ್ಯಾಸಬಲದಿಂದ ಅವನು ಎದುರಿನ ತಟ್ಟೆಗಾಗಿ ಕಣ್ಣಾಡಿಸಿದ. ಅಲ್ಲಿ ಯಾವ ತಟ್ಟೆಯೂ ಇರಲಿಲ್ಲ. ಇಳಿದು ಬಂದು ಮಲಗಿ ಕೈ ಚಾಚಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, “ಹಾಗಾದರೆ ಅವನು ಅಂದಿನಿಂದ ತುಲಾಭಾರ ಬಿಟ್ಟುಬಿಟ್ಟನೆ?” ಎಂದು ಕೇಳಿದ.

“ಇಲ್ಲಪ್ಪ, ಅಂದೇ ಶುರುಮಾಡಿದ,” ಎಂದರು ಗುರುಗಳು.

ಮರುದಿನ ಶಿಬಿರದ ಸಾಲಿನಲ್ಲಿ ಶಿಷ್ಯನೂ ನಿಂತಿದ್ದ.