ತಣ್ಣಾವಿಗೆ ದಿಬ್ಬ

ಮರಡಿಪಾಳ್ಯದಿಂದ ಮೂಡಲಿಗೆ ಹೊರಟು, ಹುಣಸೆ ಸಾಲು ಮುಗಿದ ಮೇಲೆ ಎಡಕ್ಕೆ ಹೊರಳುವ ಬಂಡಿದಾರಿ ಹಿಡಿದರೆ ಒಂದು ಬೋಳು ಕಲ್ಲುಗುಡ್ಡ ಎದುರಾಗುತ್ತದೆ. ಅದರ ಬುಡದಲ್ಲಿ ಆಳೆತ್ತರದ ಒಂದು ಮಣ್ಣುದಿಬ್ಬವಿದೆ. ತಣ್ಣಾವಿಗೆ ದಿಬ್ಬವೆಂದು ಅದಕ್ಕೆ ಹೆಸರು. ಬಂಡೆಗಳ ಸಂದಿನಿಂದ ಹಗಲಿರುಳೂ ಗಾಳಿ ನುಗ್ಗುವ ಜಾಗವಾದ್ದರಿಂದ, ತಣ್ಣನೆಯ ಗಾಳಿಯಿಂದಲೇ ಈ ಹೆಸರು ಬಂದಿರಬೇಕೆಂದು ಹೊಸಬರು ತಿಳಿಯುತ್ತಾರೆ. ಅಳತೆಗೆ ಬಂದ ಸರ್ಕಾರದವರು ಅದನ್ನು ‘ತಣ್ಣಗಿ ದಿಬ್ಬ’ ಎಂದೇ ಬರೆದುಕೊಂಡು ಹೋದರಂತೆ. ಆದರೆ ಹೆಸರಿನಲ್ಲಿರುವುದು ಗಾಳಿಯಲ್ಲ, ಆವಿಗೆ. ಕುಂಬಾರರು ಹಸಿ ಮಡಕೆಗಳನ್ನು ಒಟ್ಟಿ, ಹುಲ್ಲು ಕೆಸರು ಮುಚ್ಚಿ, ಬೆಂಕಿಯಿಟ್ಟು ಸುಡುವ ಗೂಡನ್ನು ನಮ್ಮ ಕಡೆ ಆವಿಗೆ ಎನ್ನುತ್ತಾರೆ. ಹೊತ್ತಿಸಬೇಕಾಗಿದ್ದ ಒಂದು ಆವಿಗೆ ಹೊತ್ತದೆ ತಣ್ಣಗೇ ಉಳಿದ ಜಾಗವಿದು. ಅದು ಯಾಕೆ ಉಳಿಯಿತು ಎಂಬುದನ್ನು ನಾನು ನನ್ನ ಸೋದರತ್ತೆಯ ಬಾಯಿಂದ ಕೇಳಿದ್ದೇನೆ. ಆಮೇಲೆ ಆ ಕುಂಬಾರರ ವಂಶದವರ ಬಾಯಿಂದಲೂ ಕೇಳಿದ್ದೇನೆ. ಸಣ್ಣಪುಟ್ಟ ವ್ಯತ್ಯಾಸಗಳನ್ನು ಬಿಟ್ಟರೆ ಎರಡೂ ಒಂದೇ.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಗುಡ್ಡದ ಬುಡದಲ್ಲಿ ಬೊಮ್ಮಣ್ಣನೆಂಬ ಕುಂಬಾರನೂ ಅವನ ಹೆಂಡತಿ ಸೀಬಮ್ಮನೂ ವಾಸವಾಗಿದ್ದರು. ಬೊಮ್ಮಣ್ಣನ ತಿಗರಿ ತಿರುಗಿದರೆ ಮಣ್ಣು ತಾನಾಗಿ ಮೇಲೇಳುತ್ತಿತ್ತು ಎನ್ನುತ್ತಾರೆ. ಅವರಿಗೆ ಗಿರಿಯನೆಂಬ ಒಬ್ಬನೇ ಮಗ. ಹತ್ತು ವರ್ಷ ತುಂಬುವ ಮೊದಲೇ ಒಂದು ಮಳೆಗಾಲ ಅವನು ಬಣವೆಯಿಂದ ಹುಲ್ಲು ಹಿರಿಯಲು ಕೈ ಹಾಕಿದವನು ನಾಗರಹಾವಿನಿಂದ ಕಚ್ಚಿಸಿಕೊಂಡು, ಬೆಳಗಾಗುವ ಹೊತ್ತಿಗೆ ತೀರಿಕೊಂಡ. ಆ ದಿನದಿಂದ ಸೀಬಮ್ಮನಿಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಒಲೆಯ ಮೇಲೆ ಎಸರಿಟ್ಟು ಹೊರಗೆ ಬರುವಳು, ಮಣ್ಣು ತುಳಿಯುತ್ತಿದ್ದವಳು ಅರ್ಧಕ್ಕೇ ಬಿಟ್ಟು ಏಳುವಳು. ಕೈಯಲ್ಲಿ ಒಂದು ಬಿದಿರುಗೋಲು ಹಿಡಿದು ಬಂಡೆಗಳ ಸಂದನ್ನೆಲ್ಲ ಕೆದಕುತ್ತ ಅಲೆಯುವಳು. ಯಾರಾದರೂ ಕೇಳಿದರೆ “ಅದು ಇಲ್ಲೇ ಎಲ್ಲೋ ಐತೆ” ಎನ್ನುವಳು. ಬೊಮ್ಮಣ್ಣ ಮೊದಮೊದಲು ಹಿಂದೆ ಹೋಗಿ ಕರೆತರುತ್ತಿದ್ದ. ಆಮೇಲೆ ಸುಮ್ಮನೆ ತಿಗರಿಯ ಮುಂದೆ ಕೂತು, ಅವಳು ಬರುವ ದಾರಿಯನ್ನು ನೋಡುತ್ತಿದ್ದ.

ಹೀಗಿರುವಾಗ ಪಾಳೆಯಗಾರನ ಮಗಳಿಗೆ ಮದುವೆ ನಿಶ್ಚಯವಾಯಿತು. ಮಾಘದ ಮೊದಲ ಲಗ್ನ. ಮದುವೆ ಎಂದ ಮೇಲೆ ಐರಣೆ ಮಡಕೆಗಳು ಬೇಕೇ ಬೇಕು. ಕುಂಬಾರನ ಮನೆಯಿಂದ ಅವು ವಾದ್ಯದೊಡನೆ ಬಂದು ಚಪ್ಪರದಡಿ ಕೂರದೆ ನಮ್ಮಲ್ಲಿ ಧಾರೆ ನಡೆಯುವುದಿಲ್ಲ. ಐರಣೆಯ ಜೊತೆಗೆ ಅಡುಗೆಗೆ, ನೀರಿಗೆ, ಮೊಸರಿಗೆ ಬೇಕಾದ ಮಡಕೆ ಕುಡಿಕೆಗಳನ್ನೂ ಬೊಮ್ಮಣ್ಣನೇ ಮಾಡಿಕೊಡಬೇಕೆಂದು ಅರಮನೆಯಿಂದ ಅಪ್ಪಣೆಯಾಯಿತು. ಗಂಡಹೆಂಡಿರು ಪುಷ್ಯ ಮಾಸವೆಲ್ಲ ದುಡಿದರು. ಹಸಿ ಮಡಕೆಗಳು ಒಣಗಿ ಆವಿಗೆಯಲ್ಲಿ ಒಟ್ಟಿದ್ದಾಯಿತು, ಮೇಲೆ ಹುಲ್ಲು ಹೊದಿಸಿದ್ದಾಯಿತು. ಇನ್ನೇನು ಕೆಸರು ಮೆತ್ತಿ ಬೆಂಕಿಯಿಡಬೇಕು ಎನ್ನುವಾಗ ಆಕಾಶ ಕೆಟ್ಟಿತು. ಪುಷ್ಯದಲ್ಲಿ ಎಂದೂ ಬಾರದ ಮಳೆ ಮೂಡಣ ದಿಕ್ಕಿನಿಂದ ಬಂದು ಗುಡ್ಡದ ಬಿಲ ಬಿರುಕುಗಳಿಗೆಲ್ಲ ನೀರು ತುಂಬಿಸಿತು. ಗಂಡಹೆಂಡಿರು ಗರಿಯ ತಟ್ಟಿ ಹೊದಿಸಿ, ಮಳೆ ನಿಲ್ಲುವವರೆಗೆ ಆವಿಗೆ ನೆನೆಯದಂತೆ ಕಾದುಕೊಂಡರು. ಮಳೆಯ ಬೆನ್ನಿಗೇ ಚಳಿ ಬಂತು. ಅಂಥ ಚಳಿಯನ್ನು ಆ ಊರಿನ ಮುದುಕರೂ ಕಂಡಿರಲಿಲ್ಲವಂತೆ. ಕೆರೆಯಂಚಿನ ಗರಿಕೆಯ ಮೇಲೆ ಮಂಜು ಉಪ್ಪಿನ ಹಾಗೆ ಬಿಳುಪಾಗಿ ಕೂತಿತು. ಕೊಟ್ಟಿಗೆಯ ಕುರಿಮರಿಗಳು ನಿಂತಲ್ಲೇ ಸೆಟೆದುಕೊಂಡವು. ಒಟ್ಟಿದ ಮಡಕೆಗಳಿಗೆ ಥಂಡಿ ಹಿಡಿದರೆ ಸುಡುವಾಗ ಸಿಡಿದುಹೋಗುತ್ತವೆ ಎಂದು ಬೊಮ್ಮಣ್ಣ ಸಂಜೆ ಆವಿಗೆಯ ಬಾಯಲ್ಲಿ ಒಂದಿಷ್ಟು ಸಗಣಿ ಕುರುಳು ಹಚ್ಚಿ, ಹೊಗೆಯಾಡುವಷ್ಟು ಕಾವು ಮಾಡಿ ಬಂದು ಮಲಗಿದ.

ಮಾರನೆಯ ಬೆಳಗು ಸೀಬಮ್ಮ ಎದ್ದು ನೋಡುವಾಗ ಕುರುಳು ಆರಿ ಬೂದಿಯಾಗಿತ್ತು. ಆವಿಗೆ ಮುಟ್ಟಿದರೆ ಕಲ್ಲಿನಂತೆ ತಣ್ಣಗಿತ್ತು. ಒಳಗಿನ ಮಡಕೆಗಳು ಹೇಗಿವೆಯೋ ಎಂದು ಹುಲ್ಲಿನ ಒಂದು ಪದರ ಎತ್ತಿದಳು. ಮೇಲಿನ ಮಡಕೆಯ ಬಾಯಲ್ಲಿ ಸುರುಳಿ ಸುತ್ತಿಕೊಂಡು ಒಂದು ಹಾವು ಮಲಗಿತ್ತು. ಪಕ್ಕದ ಮಡಕೆಯಲ್ಲಿ ಇನ್ನೊಂದು. ಹುಲ್ಲು ಸರಿಸಿದಷ್ಟೂ ಹಾವು. ಬಿಲಗಳಿಗೆ ನೀರು ನುಗ್ಗಿ ನೆಲೆ ತಪ್ಪಿದ ಗುಡ್ಡದ ಹಾವುಗಳೆಲ್ಲ ಸಂಜೆಯ ಕಾವಿಗೆ ಹರಿದು ಬಂದು ಆವಿಗೆಯೊಳಗೆ ಸೇರಿದ್ದವು. ಕಾವು ಆರಿದ ಮೇಲೆ ಎಲ್ಲಿಗೂ ಹೋಗಲಾರದೆ ಸೆಟೆದು ಬಿದ್ದಿದ್ದವು. ನಾಗರ, ಕೇರೆ, ಕೊಳಕುಮಂಡಲ, ಕಟ್ಟುಹಾವು ಎಲ್ಲವೂ ಒಂದರ ಪಕ್ಕ ಒಂದು. ಎಷ್ಟಿದ್ದವು ಎಂಬುದಕ್ಕೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಲೆಕ್ಕ.

ಅವಳು ಒಳಗೆ ಹೋಗಿ ಗಂಡನನ್ನು ಎಬ್ಬಿಸಿ ಕರೆತಂದು ತೋರಿಸಿದಳು. ಬೊಮ್ಮಣ್ಣ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದ.

“ಇನ್ನು ಬೆಂಕಿ ಇಡೋದು ಹೆಂಗೆ ಸೀಬಿ? ಇಷ್ಟು ಜೀವ ಸುಟ್ಟ ಮಡಕೇಲಿ ಮದುವೆ ಮಾಡಿಸೋದಾ?”

“ಹಚ್ಚು” ಎಂದಳು ಸೀಬಮ್ಮ. “ಅವಾಗಿ ಅವೇ ಬಂದು ಕೂತವೆ. ನಾವು ಕರೆದ್ವಾ? ನೀನು ಹಚ್ಚದಿದ್ರೆ ನಾನು ಹಚ್ತೀನಿ.”

ಒಲೆಯಿಂದ ಒಂದು ಉರಿಯುವ ಕೊಳ್ಳಿ ತಂದೇಬಿಟ್ಟಳು. ಬೊಮ್ಮಣ್ಣ ತಡೆಯಲಿಲ್ಲ. ಸೀಬಮ್ಮ ಆವಿಗೆಯ ಬಾಯಿಗೆ ಬಗ್ಗಿದಳು. ಬಗ್ಗಿದವಳಿಗೆ, ತಾನು ಇಷ್ಟು ದಿನ ಹುಡುಕಿದ್ದು ಇದರಲ್ಲಿ ಯಾವುದು ಎಂದು ನೋಡದೆ ಸುಡಲು ಮನಸ್ಸಾಗಲಿಲ್ಲ. ಎಡಗೈಯಲ್ಲಿ ಕೊಳ್ಳಿ ಹಿಡಿದುಕೊಂಡು, ಬಲಗೈಯಿಂದ ಮೇಲಿದ್ದ ಒಂದು ದೊಡ್ಡ ನಾಗರವನ್ನು ನಡುವಿಗೆ ಹಿಡಿದು ಎತ್ತಿದಳು. ಅದು ಅಲ್ಲಾಡಲಿಲ್ಲ, ಹೆಡೆ ಬಿಚ್ಚಲಿಲ್ಲ. ಕೈಗೆ ಹತ್ತಿದ್ದು ಅದರ ತಣುಪು ಮಾತ್ರ. ಆ ತಣುಪು ಅವಳ ಅಂಗೈಗೆ ಗೊತ್ತಿತ್ತು. ಗಿರಿಯ ಹೋದ ಬೆಳಗು ಅವನ ಪಾದಗಳನ್ನು ತಿಕ್ಕಿ ತಿಕ್ಕಿ ಬಿಸಿ ಮಾಡಲು ಹೆಣಗಿದ್ದಳಲ್ಲ, ಆಗ ಹೀಗೇ ಇತ್ತು. ಅವಳು ಬಹಳ ಹೊತ್ತು ಅದನ್ನು ಹಾಗೆಯೇ ಹಿಡಿದು ನಿಂತಳಂತೆ. ಆಮೇಲೆ ಅಂಗೈಯೊಳಗೆ ಎಲ್ಲೋ ಒಂದು ಸಣ್ಣ ಮಿಡುಕು ಗೊತ್ತಾಯಿತು.

“ಇದು ಇನ್ನೂ ಸತ್ತಿಲ್ಲ” ಎಂದಳು. ಕೊಳ್ಳಿಯನ್ನು ಮಣ್ಣಿಗೆ ಒತ್ತಿ ನಂದಿಸಿದಳು.

ಮುಂದಿನದು ಅವಸರದ ಕೆಲಸ. ಚಳಿ ಇರುವಷ್ಟು ಹೊತ್ತು ಹಾವುಗಳು ಹಗ್ಗದಂತೆ ಬಿದ್ದಿರುತ್ತವೆ; ಬಿಸಿಲೇರಿದರೆ ಒಂದೊಂದಾಗಿ ಎಚ್ಚರಗೊಳ್ಳುತ್ತವೆ. ಸೂರ್ಯ ಆಗಲೇ ಗುಡ್ಡದ ಆಚೆ ಕೆಂಪಾಗಿದ್ದ. ಹಾವನ್ನು ಮಡಕೆಯಿಂದ ತೆಗೆಯುವ ಬದಲು ಮಡಕೆಯನ್ನೇ ಎತ್ತಿಕೊಂಡು ಹೋಗೋಣವೆಂದು ಬೊಮ್ಮಣ್ಣ ಹೇಳಿದ. ಆವಿಗೆಯನ್ನು ಮೇಲಿನಿಂದ ಬಿಚ್ಚುತ್ತ, ಹಾವು ಮಲಗಿದ್ದ ಹಸಿ ಮಡಕೆಗಳನ್ನು ಎದೆಗವುಚಿಕೊಂಡು ಗುಡ್ಡ ಹತ್ತಿ, ನೀರು ಇಳಿದುಹೋಗಿದ್ದ ಮೇಲಿನ ಬಂಡೆಗಳ ನಡುವೆ ಬಾಯಿ ಮೂಡಲಿಗೆ ಮಾಡಿ ಇಟ್ಟು ಬರತೊಡಗಿದರು. ಸುಡದ ಮಡಕೆ ಬಿಗಿಯಾಗಿ ಹಿಡಿದರೆ ಒಡೆಯುತ್ತದೆ, ಸಡಿಲ ಹಿಡಿದರೆ ಜಾರುತ್ತದೆ. ಒಮ್ಮೆ ಸೀಬಮ್ಮನ ಕೈಯಲ್ಲೇ ಒಂದು ಕುಡಿಕೆ ಹೋಳಾಗಿ, ಕಟ್ಟುಹಾವೊಂದು ಅವಳ ಪಾದದ ಮೇಲೆ ಬಿತ್ತು. ಅದು ನಿಧಾನವಾಗಿ ಒಂದು ಸಲ ಮಗ್ಗುಲಾಯಿತು. ಅವಳು ಉಸಿರು ಬಿಗಿಹಿಡಿದು, ಸೆರಗಿನಿಂದ ಅದನ್ನು ಎತ್ತಿ ಬೇರೊಂದು ಮಡಕೆಗೆ ಹಾಕಿಕೊಂಡು ನಡೆದಳು. ಇಬ್ಬರೂ ಹತ್ತುವಾಗ ಇಳಿಯುವಾಗ ಸೂರ್ಯನನ್ನೇ ನೋಡುತ್ತಿದ್ದರು.

ಬಿಸಿಲು ಆವಿಗೆಯ ಅಂಚನ್ನು ಮುಟ್ಟುವ ಹೊತ್ತಿಗೆ ಅರಮನೆಯ ಊಳಿಗದ ಮುಖ್ಯಸ್ಥ ಓಬಳನಾಯಕ ಕುದುರೆಯ ಮೇಲೆ ಆಳುಗಳೊಡನೆ ಬಂದ. ಮಡಕೆಗಳು ಎಲ್ಲಿಯವರೆಗೆ ಬಂದವು ಎಂದು ನೋಡಿಹೋಗಲು ಬಂದವನಿಗೆ ಅರ್ಧ ಕಿತ್ತ ಆವಿಗೆಯೂ, ಗುಡ್ಡದ ತುಂಬ ಹರಡಿದ ಹಸಿ ಮಡಕೆಗಳೂ ಕಂಡವು. ವಿಷಯ ಕೇಳಿ ಅವನು ಕೆಂಡವಾದ. “ಹಾವಿಗೋಸ್ಕರ ಅರಸರ ಮನೆ ಲಗ್ನ ನಿಲ್ಲಿಸ್ತೀಯೇನೋ? ಉಳಿದದ್ದಕ್ಕಾದರೂ ಹಾಕ್ರೋ ಬೆಂಕಿ!” ಎಂದು ಆಳುಗಳನ್ನು ಗದರಿದ. ಆಳುಗಳು ಕದಲಲಿಲ್ಲ. ಓಬಳನಾಯಕ ತಾನೇ ಕುದುರೆಯಿಂದಿಳಿದು, ಬಿದ್ದಿದ್ದ ಹುಲ್ಲಿನ ಹೊರೆಯನ್ನು ಕಾಲಿಂದ ಆವಿಗೆಯ ಬಾಯಿಗೆ ತಳ್ಳಿದ. ಹುಲ್ಲಿನಡಿಯಿಂದ ಬಿಸಿಲು ಕಂಡ ನಾಗರವೊಂದು ಅವನ ಮೊಣಕಾಲ ಮಟ್ಟಕ್ಕೆ ಎದ್ದು ಹೆಡೆ ಬಿಚ್ಚಿ ನಿಂತಿತು.

“ಅಲ್ಲಾಡಬ್ಯಾಡಿ ಬುದ್ಧಿ” ಎಂದಳು ಸೀಬಮ್ಮ, ಗುಡ್ಡದಿಂದ ಇಳಿಯುತ್ತಿದ್ದವಳು ಅಲ್ಲೇ ನಿಂತು. “ಕೈ ಎತ್ತಬ್ಯಾಡಿ. ಅದಕ್ಕೂ ನಿಮ್ಮಷ್ಟೇ ಹೆದರಿಕೆ ಐತೆ.”

ಓಬಳನಾಯಕನ ಮೀಸೆಯ ಮೇಲೆ ಆ ಚಳಿಯಲ್ಲೂ ಬೆವರು ಇಳಿಯಿತು. ಹಾವು ಒಮ್ಮೆ ಬುಸುಗುಟ್ಟಿತು, ಆಚೆ ಈಚೆ ತೂಗಿತು. ಸೀಬಮ್ಮ ಸಣ್ಣ ದನಿಯಲ್ಲಿ ಅವನಿಗೆ ಏನೇನೋ ಹೇಳುತ್ತಲೇ ಇದ್ದಳು. ತನ್ನ ಮಗನ ಹೆಸರು ಗಿರಿಯ ಎಂದೂ, ಅವನಿಗೆ ಹುಣಸೆ ಚಿಗುರೆಂದರೆ ಬಹಳ ಇಷ್ಟವಿತ್ತೆಂದೂ ಅವಳು ಹೇಳಿದ್ದನ್ನು ಆಮೇಲೆ ಓಬಳನಾಯಕನೇ ಊರವರೆದುರು ನೆನೆಸಿಕೊಳ್ಳುತ್ತಿದ್ದನಂತೆ. ಕೊನೆಗೆ ಹೆಡೆ ಇಳಿಯಿತು. ಹಾವು ಅವನ ಎರಡು ಪಾದಗಳ ನಡುವಿನಿಂದಲೇ ಹರಿದು ಬಂಡೆಗಳ ಕಡೆ ಹೋಯಿತು. ಓಬಳನಾಯಕ ಹೋಗಿ ಕಲ್ಲಿನ ಮೇಲೆ ಕೂತ. ಮತ್ತೆ ಬೆಂಕಿಯ ಮಾತೆತ್ತಲಿಲ್ಲ.

ಉಳಿದದ್ದು ಆವಿಗೆಯ ನಡುಮಧ್ಯದಲ್ಲಿದ್ದ ಐರಣೆ ಮಡಕೆಗಳು. ದೊಡ್ಡದರಲ್ಲಿ ಒಂದು ಕೊಳಕುಮಂಡಲ ಮಲಗಿತ್ತು. ಅಷ್ಟು ಹೊತ್ತಿಗೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಬೊಮ್ಮಣ್ಣ ಹೆಂಡತಿಯನ್ನು ಹಿಂದಕ್ಕೆ ಸರಿಸಿ ತಾನೇ ಅದನ್ನು ಎತ್ತಿದ. ಬಾಯಂಚಿಗೆ ಒತ್ತಿ ಹಿಡಿದಿದ್ದ ಅವನ ಬಲಗೈ ಹೆಬ್ಬೆರಳಿಗೆ ಅದು ಕಚ್ಚಿತು. ಅವನು ಮಡಕೆಯನ್ನು ಎತ್ತಿ ಹಾಕಲಿಲ್ಲ. ಬಗ್ಗಿ, ಮೆಲ್ಲನೆ ನೆಲದ ಮೇಲಿಟ್ಟು, ಆಮೇಲೆ ತಾನೂ ಕೂತ. ಓಬಳನಾಯಕ ಎದ್ದು ಓಡಿಬಂದು ತನ್ನ ರುಮಾಲು ಬಿಚ್ಚಿ ಅವನ ಕೈಗೆ ಸುತ್ತಿ, ಕುದುರೆಯ ಮೇಲೆ ಮುಂದೆ ಕೂರಿಸಿಕೊಂಡು, ಪಾಳ್ಯದ ಪಂಡಿತನ ಮನೆಗೆ ದೌಡಾಯಿಸಿದ. ಸೀಬಮ್ಮ ಹಿಂದೆಯೇ ಓಡಿದಳು. ಗಿರಿಯನನ್ನು ಹೊತ್ತು ಓಡಿದ್ದೂ ಅದೇ ದಾರಿಯಲ್ಲಿ.

ಬೊಮ್ಮಣ್ಣನ ಜೀವ ಉಳಿಯಿತು. ಹೆಬ್ಬೆರಳು ಕಪ್ಪಾಗಿ, ಕೊಳೆತು, ಬಿದ್ದುಹೋಯಿತು. ಹೆಬ್ಬೆರಳಿಲ್ಲದ ಕುಂಬಾರ ತಿಗರಿಯ ಮೇಲೆ ಮಣ್ಣು ಎಬ್ಬಿಸಲಾರ. ಅದು ತಿಳಿದ ದಿನ ಸೀಬಮ್ಮ ಗಂಡನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಮಗ ಸತ್ತಾಗಲೂ ಅಳದವಳು, ಗಟ್ಟಿಯಾಗಿ ಅತ್ತಳು.

“ನಾನು ಹಚ್ಚಿಬಿಟ್ಟಿದ್ರೆ ನಿನ್ನ ಕೈ ಉಳೀತಿತ್ತು.”

“ಕೈ ಉಳೀತಿತ್ತು” ಎಂದನಂತೆ ಬೊಮ್ಮಣ್ಣ. “ನೀನು ಉಳೀತಿರಲಿಲ್ಲ.”

ಓಬಳನಾಯಕ ಅರಸನ ಮುಂದೆ ಕಂಡದ್ದನ್ನು ಕಂಡಂತೆ ಹೇಳಿದ. ಅರಮನೆಯಿಂದ ಬಹುಮಾನವೂ ಬರಲಿಲ್ಲ, ಶಿಕ್ಷೆಯೂ ಬರಲಿಲ್ಲ. ಐರಣೆ ಮಡಕೆಗಳನ್ನು ಬೇರೆ ಊರಿನ ಕುಂಬಾರರಿಂದ ತರಿಸಿ ಮದುವೆ ನಡೆಸಿದರು. ಗುಡ್ಡದ ಮೇಲಿಟ್ಟಿದ್ದ ಹಸಿ ಮಡಕೆಗಳು ಮುಂದಿನ ಮಳೆಗೆ ಕರಗಿ ಹರಿದು ಬುಡದಲ್ಲಿ ನಿಂತವು. ಆವಿಗೆಗೆ ಮತ್ತೆ ಬೆಂಕಿ ಬೀಳಲಿಲ್ಲ. ಗಂಡಹೆಂಡಿರು ಬೊಮ್ಮಣ್ಣನ ತಮ್ಮನ ಊರಿಗೆ ಹೋಗಿ ನೆಲೆಸಿದರು. ಅಲ್ಲಿ ಸೀಬಮ್ಮ ಕೈಯಿಂದ ತಟ್ಟಿ ಮಾಡುವ ಮಡಕೆಗಳಿಂದ ಸಂಸಾರ ನಡೆಯಿತು. ಮೈದುನನ ಮಕ್ಕಳನ್ನು ತಾನೇ ಸಾಕಿದಳು; ಒಲೆಯ ಮುಂದೆ ಕೂತರೆ ಅಡುಗೆ ಮುಗಿಯುವವರೆಗೂ ಏಳುತ್ತಿರಲಿಲ್ಲ ಎಂದು ಆ ವಂಶದವರು ಇಂದಿಗೂ ಹೇಳುತ್ತಾರೆ. ಪ್ರತಿ ವರ್ಷ ಚಳಿ ಬಲಿತಾಗ ಮಾತ್ರ ಅವಳಿಗೆ ಆ ಹಳೆಯ ಕಳವಳ ಏಳುತ್ತಿತ್ತು. ಒಂದು ಹಸಿ ಮಡಕೆಯನ್ನು ತಲೆಯ ಮೇಲಿಟ್ಟುಕೊಂಡು ದಿನವಿಡೀ ನಡೆದು ಬಂದು, ದಿಬ್ಬದ ಮೇಲಿಟ್ಟು ಹೋಗುವಳು.

ಅವಳು ಹೋದ ಮೇಲೆ ಅವಳ ಮನೆಯವರು, ಆಮೇಲೆ ಸುತ್ತಿನ ಊರವರು ಆ ಪದ್ಧತಿ ನಡೆಸಿಕೊಂಡು ಬಂದಿದ್ದಾರೆ. ಗುಡಿಯಿಲ್ಲ, ಪೂಜಾರಿಯಿಲ್ಲ. ಪುಷ್ಯದಲ್ಲಿ ನೀವು ಬಂದರೆ ದಿಬ್ಬದ ಮೇಲೆ ಹತ್ತಾರು ಹಸಿ ಮಡಕೆಗಳು ಮೂಡಲಿಗೆ ಬಾಯಿ ಮಾಡಿ ಮಲಗಿರುವುದನ್ನು ಕಾಣುತ್ತೀರಿ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ತಂದಿಟ್ಟವೂ ಅವುಗಳಲ್ಲಿ ಇರುತ್ತವೆ. ಮಳೆಗಾಲಕ್ಕೆ ಎಲ್ಲವೂ ಕರಗಿ ದಿಬ್ಬ ಒಂದು ಬೆರಳು ಎತ್ತರವಾಗುತ್ತದೆ. ಮಡಕೆ ಇಟ್ಟವರು ಹಿಂದಿರುಗಿ ನೋಡದೆ ಇಳಿಯಬೇಕೆಂಬ ಕಟ್ಟಳೆ ಏನೂ ಇಲ್ಲ, ನೋಡಿಯೇ ನೋಡುತ್ತಾರೆ. ಕಳೆದ ವರ್ಷ ಚಳಿ ಜೋರಾಗಿದ್ದ ಒಂದು ಬೆಳಗು ನಾನೂ ಅಲ್ಲಿದ್ದೆ. ಒಂದು ಮಡಕೆಯೊಳಗೆ ಏನೋ ಸರಿದಂತೆ ಸದ್ದಾಯಿತು. ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ಒಬ್ಬ ಹೆಂಗಸು ನನ್ನ ತೋಳು ಹಿಡಿದು, “ನಿಮ್ಮ ನೆರಳು ಬೀಳ್ತಾ ಐತೆ, ಸ್ವಲ್ಪ ಆಚೆ ನಿಂತ್ಕೊಳ್ಳಿ, ಬಿಸಿಲು ತಾಗಲಿ” ಎಂದಳು.