ಗೋಯಿಂದ ಮೀನಿನ ನೀರು ಚೊಕ್ಕ ಮಾಡಿದ್ದು

ಕುಂದಾಪುರದ ಆಚೆ, ಕಡಲ ಕರೆಯಲ್ಲಿ ಬಚ್ಚಿ ಅಂತ ಒಬ್ಬಳು ಮೀನು ಮಾರುವವಳು. ಅವಳಿಗೆ ಒಬ್ಬನೇ ಮಗ, ಗೋಯಿಂದ. ಆಳು ಉದ್ದ, ಬುದ್ಧಿ ಗಿಡ್ಡ. ಹೇಳಿದ ಮಾತು ಮೀರುವವನಲ್ಲ, ಅದೇ ಬಚ್ಚಿಯ ಕರ್ಮ. ದೋಣಿ ಕೆಲಸಕ್ಕೆ ಕಳಿಸಿ ನೋಡಿದಳು. ದೋಣಿಯಲ್ಲಿರುವ ನೀರೆಲ್ಲ ಹೊರಗೆ ಚೆಲ್ಲು ಅಂದ ದೋಣಿ ನಡೆಸುವ ತಾಂಡೇಲ. ಇವನು ಕುಡಿಯುವ ನೀರನ್ನೂ ಚೆಲ್ಲಿದ, ಗಂಜಿಯ ತಿಳಿಯನ್ನೂ ಚೆಲ್ಲಿದ. ಆಮೇಲೆ ಯಾವ ದೋಣಿಯವರೂ ಅವನನ್ನು ಹತ್ತಿಸಿಕೊಳ್ಳಲಿಲ್ಲ. ತಾನು ಕಣ್ಣು ಮುಚ್ಚಿದರೆ ಇವನಿಗೆ ಗಂಜಿ ಬಡಿಸುವವರು ಯಾರು ಅಂತ ಬಚ್ಚಿಗೆ ಅದೊಂದೇ ಚಿಂತೆ.

ಅಷ್ಟರಲ್ಲಿ ಲಿಲ್ಲಿ ಬಾಯಿ ಕರೆ ಕಳಿಸಿದಳು. ಬಾಯಿ ಅಂದರೆ ಕಡಲು ನೋಡಲು ಬರುವವರಿಗೆ ಕೋಣೆ ಬಾಡಿಗೆ ಕೊಡುವವಳು. ಅವಳ ಜಗಲಿಯಲ್ಲಿ ಒಂದು ಸಣ್ಣ ಗಾಜಿನ ತೊಟ್ಟಿ, ತೊಟ್ಟಿಯಲ್ಲಿ ಉಪ್ಪುನೀರು, ನೀರಿನಲ್ಲಿ ಒಂದು ಜೊತೆ ಪಟ್ಟೆಮೀನು. ನೀರು ಮಬ್ಬಾಗಿತ್ತು. ಬಾಯಿ ಮಗಳ ಬಾಣಂತನಕ್ಕೆ ಮಂಗಳೂರಿಗೆ ಹೊರಟಿದ್ದಳು. ಪೇಟೆಯ ಅಂಗಡಿಗೆ ಹೇಳಿಟ್ಟಿದ್ದೇನೆ, ನೀರು ಚೊಕ್ಕ ಮಾಡುವ ಯಂತ್ರ ತಂದು ಕೂರಿಸಿ, ಭಾನುವಾರ ನಾನು ಬರುವಾಗ ಮೀನು ಬದುಕಿದ್ದರೆ ಗೋಯಿಂದನಿಗೆ ಇಲ್ಲೇ ಕಾಯಂ ಕೆಲಸ ಅಂದಳು. ಬಚ್ಚಿ ಕಡಲಿಗೇ ಕೈ ಮುಗಿದಳು.

ಮಗನನ್ನು ಕೂರಿಸಿ ಹೇಳಿದಳು, "ಅಂಗ್ಡಿಯವ ಹತ್ತು ನಮೂನೆ ತೋರಿಸ್ತ. ನೀರು ಕುಡಿಯೂವಷ್ಟು ಚೊಕ್ಕ ಆಯ್ಕ್, ಹಾಂಗಿದ್ದದ್ದೇ ಆರಿಸ್ಕಂಡ್ ಬಾ."

ಗೋಯಿಂದ ಹೋದ. ಅಂಗಡಿಯವ ಮೀನಿನ ತೊಟ್ಟಿಯ ಸಾಮಾನು ತೋರಿಸಿದ. ಈ ನೀರು ಕುಡಿಯಬಹುದಾ ಅಂತ ಕೇಳಿದ ಗೋಯಿಂದ. ಯಾವುದಕ್ಕೂ ಇಲ್ಲ ಅಂದ ಅಂಗಡಿಯವ. ಕೊನೆಗೆ ಗೋಯಿಂದ ಹೊತ್ತು ತಂದದ್ದು ಅಡುಗೆಮನೆ ಗೋಡೆಗೆ ಹಾಕುವ ದೊಡ್ಡ ಯಂತ್ರ. ಅದರಲ್ಲಿ ಬಾವಿನೀರು ಸೋಸಿ, ಒಂದು ಕೊಡ ತುಂಬಿಸಿ, ತೊಟ್ಟಿಗೆ ಸುರಿಯಲು ಎತ್ತಿದ್ದಾನೆ, ಬಚ್ಚಿ ಓಡಿ ಬಂದು ಕೊಡ ಕಿತ್ತುಕೊಂಡಳು. ಅವು ಕಡಲ ಮೀನು, ಸಿಹಿನೀರು ಬಿದ್ದರೆ ಸಾಯುತ್ತವೆ ಅಂತ ಬೈದಳು.

"ಉಪ್ಪಿಲ್ದೆ ಈ ತೊಟ್ಟಿಗೆ ಎಂತದೂ ಹಾಕುಕಾಗ, ತಿಳೀತಾ?"

"ತಿಳೀತ್ ಅಬ್ಬಿ," ಅಂದ ಗೋಯಿಂದ. ಅವನಿಗೆ ಯಾವಾಗಲೂ ತಿಳಿಯುತ್ತದೆ, ಅದೇ ತೊಂದರೆ.

ಯಂತ್ರ ವಾಪಸು ಹೋಯಿತು. ಅಂಗಡಿಯವ ಈ ಸಲ ತಾನೇ ಆರಿಸಿ, ಸ್ಪಂಜು ಸಿಕ್ಕಿಸುವ ಒಂದು ಪುಟ್ಟ ಮೋಟರು ಕೊಟ್ಟ. ನೀರು ಸ್ಪಂಜಿನೊಳಗೆ ಹಾದು ಬಂದರೆ ಕೊಳೆಯೆಲ್ಲ ಅಲ್ಲೇ ನಿಲ್ಲುತ್ತದೆ ಅಂತಲೂ ಹೇಳಿದ. ಸಂಜೆಗೆ ಬಚ್ಚಿ ಮೀನು ಮಾರಿ ಬಂದು ನೋಡಿದರೆ ತೊಟ್ಟಿಯಲ್ಲಿ ಮೋಟರೂ ಇಲ್ಲ, ಸ್ಪಂಜೂ ಇಲ್ಲ. ಮೂಲೆಯಲ್ಲಿ ಮಣ್ಣಿನ ಮಡಕೆ, ಮಡಕೆಯ ಬಾಯಿಗೆ ಗುಂಡುಕಲ್ಲು. ಮಳೆಗಾಲಕ್ಕೆ ಬಂಗುಡೆಯನ್ನು ಉಪ್ಪಿನಲ್ಲಿ ಹಾಕಿಡುತ್ತಾರಲ್ಲ, ಹಾಗೆ ಒಂದು ಪದರ ಉಪ್ಪು, ಅದರ ಮೇಲೆ ಸ್ಪಂಜು, ಮತ್ತೆ ಒಂದು ಪದರ ಉಪ್ಪು. ನಾಳೆ ಬಿಸಿಲಿಗೆ ಹಾಕುವುದು ಅಂತ ಗೋಯಿಂದ ಹೆಮ್ಮೆಯಿಂದ ಹೇಳಿದ. ಪುಣ್ಯಕ್ಕೆ ಮೋಟರು ಇನ್ನೂ ಡಬ್ಬಿಯಲ್ಲೇ ಇತ್ತು. ಬಚ್ಚಿಗೆ ಸಿಟ್ಟು ನೆತ್ತಿಗೇರಿತು. ತಾನೇ ಸ್ಪಂಜು ತೊಳೆದು, ಮೋಟರು ಕೂರಿಸಿ, ಗುಂಡಿ ಒತ್ತಿದಳು. ಗುಳುಗುಳು ಶಬ್ದ ಬಂತು. ಇನ್ನು ಮುಂದೆ ತೊಟ್ಟಿಗೆ ಏನೇ ಹಾಕುವುದಿದ್ದರೂ ಮೊದಲು ಚೆನ್ನಾಗಿ ತೊಳೆಯಬೇಕು ಅಂತ ಬುದ್ಧಿ ಹೇಳಿದಳು.

ಮಾರನೇ ದಿನ ನೀರು ಸ್ವಲ್ಪ ತಿಳಿಯಾಗಿತ್ತು. ಬಚ್ಚಿಗೆ ಜೀವ ಬಂದ ಹಾಗಾಯಿತು. ಆದರೆ ತೊಟ್ಟಿಯಲ್ಲಿ ಮೀನಿಲ್ಲ. ಹಿತ್ತಲಿಗೆ ಓಡಿದರೆ ಬಾವಿಕಟ್ಟೆಯ ಹತ್ತಿರ ಗೋಯಿಂದ ಮೀನಿನ ಪಾತ್ರೆ ಪಕ್ಕದಲ್ಲಿಟ್ಟುಕೊಂಡು ಕಲ್ಲು ತೊಳೆಯುತ್ತಿದ್ದಾನೆ. ಪಾತ್ರೆಯಲ್ಲಿ ಪಟ್ಟೆಮೀನುಗಳು ಬಾಯಿ ಬಿಡುತ್ತಿದ್ದವು. ಕಲ್ಲಿಗೆ ತಿಕ್ಕಿ ಪೊರೆ ತೆಗೆಯದೆ ಮೀನು ತೊಳೆದ ಹಾಗೆ ಆಗುವುದು ಹೇಗೆ, ಇಷ್ಟು ದಿನ ಯಾರೂ ತೊಳೆದೇ ಇಲ್ಲ, ಅದಕ್ಕೇ ನೀರು ಕೊಳೆಯಾದದ್ದು ಅಂದ ಅವನು. ಬಚ್ಚಿ ಪಾತ್ರೆ ಹಿಡಿದುಕೊಂಡು ಓಡಿ ಮೀನುಗಳನ್ನು ತೊಟ್ಟಿಗೆ ಬಿಟ್ಟಳು. ಅವು ಚೇತರಿಸಿಕೊಳ್ಳುವ ತನಕ ಗಾಜಿಗೆ ಹಣೆಯಿಟ್ಟು ನಿಂತಳು. ಆಮೇಲೆ ಮಗನ ಕಡೆ ತಿರುಗಿದಳು. ಬೈಯಲೂ ಶಕ್ತಿ ಇರಲಿಲ್ಲ, ಅಳು ಬಂತು.

"ಇದು ಸಾರಿನ ಮೀನಲ್ಲ ಮಗಾ. ಮನೆಗ್ ಬಂದ ನೆಂಟ್ರು ಅಂದ್ಕೊ. ನೆಂಟ್ರನ್ನ ಹ್ಯಾಂಗ್ ಕಾಣ್ತೊ, ಹಾಂಗೇ ಕಾಣ್ಕ್."

ಅಬ್ಬಿ ಅತ್ತದ್ದು ನೋಡಿ ಗೋಯಿಂದನಿಗೂ ಅಳು ಬಂತು. ಹಾಗೇ ನೋಡಿಕೊಳ್ಳುತ್ತೇನೆ ಅಂತ ತಲೆ ಮುಟ್ಟಿ ಆಣೆ ಹಾಕಿದ.

ಆಣೆಗೆ ತಪ್ಪಲಿಲ್ಲ. ಮೀನಿಗೆ ಬೆಳಿಗ್ಗೆ ನಮಸ್ಕಾರ ಹೇಳಿದ, ಮಧ್ಯಾಹ್ನ ಬೀಸಣಿಗೆ ಬೀಸಿದ. ಬೀಸಿಕೊಳ್ಳಲಿ ಅಂತ ಬಚ್ಚಿ ಸುಮ್ಮನಿದ್ದಳು. ಭಾನುವಾರ ಬಂತು. ನೀರು ತಿಳಿಗನ್ನಡಿ, ಮೀನು ಮಿರಮಿರ. ಬಚ್ಚಿ ಬಾಯಿಯ ಅಡುಗೆಮನೆಯಲ್ಲಿ ಅವಳಿಗೆಂದೇ ಖಾರ ಅರೆದು ಬಂಗುಡೆ ಸಾರು ಮಾಡಿಟ್ಟು, ಸಾಮಾನು ಹೊರಲು ಬಸ್ ಸ್ಟ್ಯಾಂಡಿಗೆ ಹೋದಳು. ದಾರಿಯುದ್ದಕ್ಕೂ ಮಗನನ್ನು ಹೊಗಳಿಕೊಂಡೇ ಬಂದಳು. ಬಾಯಿಯೂ ಅವನ ಕೆಲಸ ಗಟ್ಟಿ ಅಂದಳು.

ಜಗಲಿ ಹತ್ತಿದರೆ ತೊಟ್ಟಿ ಕೆಂಪು. ಮೋಟರು ಗುಳುಗುಳು ಅಂತ ಖಾರದ ನೊರೆ ಉಗುಳುತ್ತಿತ್ತು. ಮೇಲೆ ಕೊತ್ತಂಬರಿ ಸೊಪ್ಪು ತೇಲುತ್ತಿತ್ತು, ಅದರ ಪಕ್ಕದಲ್ಲಿ ಪಟ್ಟೆಮೀನುಗಳು ಹೊಟ್ಟೆ ಮೇಲೆ ಮಾಡಿ ಮಲಗಿದ್ದವು. ಗೋಯಿಂದ ಹೆಗಲಿಗೆ ಟವೆಲು ಹಾಕಿಕೊಂಡು, ಕೈಯಲ್ಲಿ ಸೌಟು ಹಿಡಿದು ಬಗ್ಗಿ ನಿಂತಿದ್ದ.

ಇದೇನು ಮಾಡಿದೆ ಅಂತ ಬಾಯಿ ಕೇಳಿದಳು.

"ಭಾನುವಾರ ನೆಂಟ್ರಿಗೆ ಮೀನ್ ಸಾರಿಲ್ದೆ ಊಟ ಹಾಕುಕಾತ್ತಾ ಬಾಯಿ? ಒಂದ್ ಸೌಟ್ ಬಡಿಸ್ದೆ. ಸಾಕ್ ಅಂತ ಒಂದ್ ಮಾತ್ ಹೇಳ್ಲಿಲ್ಲ. ಅದ್ಕೇ ಪಾತ್ರೆ ಪೂರಾ ಬಡಿಸ್ದೆ."

ಬಚ್ಚಿ ಬಾಯಿಯ ಪೆಟ್ಟಿಗೆಯನ್ನು ತಲೆಯಿಂದ ಇಳಿಸಿ, ಅದರ ಮೇಲೆಯೇ ಕುಳಿತಳು. ಅಂದಿನಿಂದ ಅವಳು ಮಗನಿಗೆ ಬುದ್ಧಿ ಹೇಳುವುದನ್ನು ಬಿಟ್ಟಿದ್ದಾಳೆ. ಹೇಳಿದರೆ ತಾನೇ ಅವನು ಕೇಳುವುದು.