ಫಿಲ್ಟರ್ ಒಲ್ಲದ ನೀರು

ತುಂಗಭದ್ರೆಯ ದಡದ ಆ ಆಶ್ರಮದಲ್ಲಿ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ನೀರಿನ ಸೇವೆ ಹನ್ನೊಂದು ವರ್ಷದಿಂದ ಶಿಷ್ಯ ಪಂಪಣ್ಣನದು. ಮಡಿಯೆಂದರೆ ಮಡಿ! ಯಾರದಾದರೂ ನೆರಳು ಬಿದ್ದರೂ ಕೊಡವನ್ನು ಮತ್ತೆ ಬೆಳಗುವ ಆಸಾಮಿ.

ಭಕ್ತರೊಬ್ಬರು ನೀರಿನ ಫಿಲ್ಟರ್ ತಂದುಕೊಟ್ಟರು. ಅದು ಕುಡಿಯಲು ಒಂದು ಕೊಡ ಕೊಟ್ಟರೆ ಮೂರು ಕೊಡ ಹೊರಗೆ ಬಿಡುತ್ತಿತ್ತು. ಆ ನೀರಿನಲ್ಲಿ ಪಾತ್ರೆ ತೊಳೆಯಬಹುದಿತ್ತು, ನೆಲ ಒರೆಸಬಹುದಿತ್ತು. ಪಂಪಣ್ಣ ಒಪ್ಪಬೇಕಲ್ಲ!

"ಯಂತ್ರವೇ ಉಗುಳಿದ ಎಂಜಲು" ಎಂದವನೇ ಅದರ ಪೈಪನ್ನು ಶೌಚಾಲಯದ ಸೆಪ್ಟಿಕ್ ಟ್ಯಾಂಕಿಗೆ ಸೇರಿಸಿಬಿಟ್ಟ.

ನೀರು ಹಗಲಿರುಳು ಹರಿಯಿತು. ನಾಲ್ಕೇ ತಿಂಗಳಿಗೆ, ಟ್ಯಾಂಕಿನಿಂದ ಹೊರಬಂದ ನೀರು ಇಂಗುವ ಗುಂಡಿ ಉಕ್ಕಿತು. ಹೊಲಸು ಇಳಿಜಾರು ಹಿಡಿದು ಪಕ್ಕದ ಹೊಲದ ದ್ಯಾಮವ್ವನ ಬಾವಿಯ ಕಡೆ ಹೊರಟಿತು. ಆಕೆಯ ಮನೆಯ ಎಂಟು ಜನಕ್ಕೂ ಅದೊಂದೇ ಬಾವಿ.

ಪಂಪಣ್ಣ ಗುರು ನಿರ್ವಾಣಯ್ಯನವರ ಬಳಿ ಓಡಿಬಂದ.

"ಗುರುಗಳೇ, ನಾನು ಬಿಟ್ಟದ್ದು ತಿಳಿನೀರು. ಗುಂಡಿ ಯಾಕೆ ಕೆಟ್ಟಿತು?"

ಗುರುಗಳು ಗಾಜಿನ ಲೋಟದಲ್ಲಿ ಕೆಸರು ಕದಡಿ ಎದುರಿಗಿಟ್ಟರು.

"ತಿಳಿಯಾಗಲಿ, ನೋಡೋಣ."

ಕೆಸರು ತಳಕ್ಕಿಳಿಯತೊಡಗಿದಾಗಲೆಲ್ಲ ಅವರೇ ಅದಕ್ಕೆ ತಿಳಿನೀರು ಸುರಿದರು. ಕೊನೆಗೆ ಲೋಟ ತುಂಬಿ ಪಂಪಣ್ಣನ ಮಡಿಪಂಚೆಯ ಮೇಲೆಲ್ಲ ಕೆಸರು ಚೆಲ್ಲಿತು.

"ಅಯ್ಯೋ, ಗುರುಗಳೇ! ನೀವು ಸುರಿಯುವುದು ನಿಲ್ಲಿಸಿದರೆ ತಾನೇ ಅದು ತಳ ಹಿಡಿಯುವುದು!"

ಅಂದವನಿಗೆ ತನ್ನ ಪೈಪು ನೆನಪಾಯಿತು.

ಹೋಗಿ ಪೈಪು ಕಿತ್ತ. ಆ ನೀರನ್ನು ಪಾತ್ರೆ ತೊಳೆಯುವ ತೊಟ್ಟಿಗೆ ತಿರುಗಿಸಿದ. ಪಾಪ, ತಿರುಗಿ ಬಂದು ಕೈಮುಗಿದ.

"ಪ್ರಾಯಶ್ಚಿತ್ತಕ್ಕೆ ಎಷ್ಟು ಜಪ ಮಾಡಲಿ?"

"ಜಪ ಹಾಗಿರಲಿ. ದ್ಯಾಮವ್ವನಿಗೆ ಇದ್ದದ್ದು ಇದ್ದ ಹಾಗೆ ಹೇಳು. ಬಾವಿಯ ನೀರು ಪರೀಕ್ಷೆಯಾಗಿ, ಕುಡಿಯಬಹುದು ಅನ್ನುವವರೆಗೆ ಆಕೆಯ ಮನೆಗೆ ನೀನೇ ನೀರು ಹೊರು."

ಪಂಪಣ್ಣನ ಮುಖ ಬಾಡಿತು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವನು ಆ ಹೊಸ್ತಿಲು ತುಳಿದವನಲ್ಲ, ಆಕೆ ಕೊಟ್ಟ ನೀರು ಮುಟ್ಟಿದವನಲ್ಲ. ಅದು ಆಕೆಗೂ ಚೆನ್ನಾಗಿ ಗೊತ್ತಿತ್ತು.

"ನನ್ನ ಕೈಯ ನೀರು ಬೇಡ ಅಂದರೆ, ಗುರುಗಳೇ?"

"ಅಂಗಳದಲ್ಲೇ ನಿಲ್ಲು" ಎಂದರು ನಿರ್ವಾಣಯ್ಯನವರು. "ಕೊಡ ಮಾತ್ರ ಕೆಳಗಿಳಿಸಬೇಡ."